ಉರಿಯದ ಗಾಳಿ

ಹವಾಮಾನ ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಬಲೂನಕ್ಕ ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಂದ ಅಧಿಕಾರಿಗಳು ಮೊದಮೊದಲು ಬಿಗುಮಾನದಿಂದ ಮೇಡಂ ಎನ್ನುತ್ತಿದ್ದುದುಂಟು. ವಾರ ಕಳೆಯುವುದರೊಳಗೆ ಅವರ ಬಾಯಲ್ಲೂ ಬಲೂನಕ್ಕನೇ ಬಂದುಬಿಡುತ್ತಿದ್ದಳು. ಕೆಲಸ ಹೇಳಬೇಕೆಂದರೆ ಇಷ್ಟೇ: ಬೆಳಿಗ್ಗೆ ಒಂದು, ಸಂಜೆ ಒಂದು, ಆಳೆತ್ತರದ ಬಿಳಿ ಬಲೂನಿಗೆ ಜಲಜನಕ ತುಂಬಿ, ಅದರ ಬಾಲಕ್ಕೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಯಂತ್ರವೊಂದನ್ನು ಕಟ್ಟಿ ಆಕಾಶಕ್ಕೆ ಬಿಡುವುದು. ಬೆಂಕಿಪೊಟ್ಟಣ ಎಂಬ ಮಾತನ್ನು ಅವಳ ಎದುರು ಆಡುವಂತಿರಲಿಲ್ಲ, ಇಲ್ಲಿ ಅವಳಿಲ್ಲವಲ್ಲ ಎಂದು ಆಡಿದ್ದೇನೆ. ಆ ಪುಟ್ಟ ಯಂತ್ರ ಮೇಲೇರುತ್ತ, ಎಷ್ಟು ಚಳಿ, ಎಷ್ಟು ತೇವ, ಗಾಳಿ ಯಾವ ಕಡೆಗೆ ಎಂದು ಕೆಳಗಿನವರಿಗೆ ವರದಿ ಒಪ್ಪಿಸುತ್ತ ಹೋಗುತ್ತಿತ್ತು. ನಾಳೆ ಮಳೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದವರು ಬೇರೆ ಯಾರೋ. ಆದರೆ ಬೀದಿಯವರ ಕೈಗೆ ಸಿಗುತ್ತಿದ್ದವಳು ಇವಳೊಬ್ಬಳೇ ಆದ್ದರಿಂದ ಒಣಹಾಕಿದ ಬಟ್ಟೆ ನೆನೆದದ್ದಕ್ಕೆಲ್ಲ ಇವಳೇ ಹೊಣೆಯಾಗಬೇಕಿತ್ತು.

ಆ ಕಚೇರಿಗೆ ಅವಳು ಸೇರಿದ್ದು ಅಂಗಳ ಗುಡಿಸುವ ಕೆಲಸಕ್ಕೆ. ಹಿಂದಿನ ಮೂಲೆಯಲ್ಲಿ, ಉಳಿದ ಕಟ್ಟಡಗಳಿಂದ ದೂರವಾಗಿ, ಎತ್ತರದ ಬಾಗಿಲಿನ ಒಂದು ಶೆಡ್ಡು ಇತ್ತು. ಅಲ್ಲಿ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದ ಮುದುಕನೊಬ್ಬ ಒಂಟಿಯಾಗಿ ಗಾಳಿ ತಯಾರಿಸುತ್ತಿದ್ದ. ದಪ್ಪ ಕಬ್ಬಿಣದ ಪಾತ್ರೆಯೊಳಗೆ ಕಾಸ್ಟಿಕ್ ಸೋಡ, ಅಲ್ಯೂಮಿನಿಯಂ ಚೂರು, ನೀರು ಹಾಕಿ ಮುಚ್ಚಳ ಬಿಗಿದರೆ ಪಾತ್ರೆ ಕೈ ಇಡಲಾರದಷ್ಟು ಬಿಸಿಯಾಗಿ ಜಲಜನಕ ಹುಟ್ಟುತ್ತಿತ್ತು. ಮೇಸ್ತ್ರಿಯ ಕಣ್ಣು ಮಂಜಾಗತೊಡಗಿದಾಗ ಅವನ ಜೊತೆಗೆ ಒಬ್ಬರು ಬೇಕಾದರು. ಕಚೇರಿಯ ಗಂಡಸರು ಒಬ್ಬೊಬ್ಬರೂ ಒಂದೊಂದು ನೆಪ ತೆಗೆದು ಜಾರಿಕೊಂಡರು. ಒಬ್ಬನಿಗೆ ಬೆನ್ನುನೋವು, ಇನ್ನೊಬ್ಬನಿಗೆ ಅವನ ತಾಯಿ ಬೇಡವೆಂದಿದ್ದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿರುವಾಗ ಇವಳು ಅಂಗಳದಿಂದ ಪೊರಕೆ ಹಿಡಿದುಕೊಂಡೇ ಬಂದು ತಾನು ಕಲಿಯುತ್ತೇನೆ ಎಂದಳಂತೆ. ಮೇಸ್ತ್ರಿ ಅವಳನ್ನೊಮ್ಮೆ, ಪೊರಕೆಯನ್ನೊಮ್ಮೆ ನೋಡಿ, ಬಾ, ಅದನ್ನೂ ತಗೊಂಡೇ ಬಾ ಎಂದನಂತೆ. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಅವಳು ನಕ್ಕಳು.

ತಮಾಷೆಯಲ್ಲವೆಂದು ಗೊತ್ತಾದದ್ದು ಆ ಮಧ್ಯಾಹ್ನದ ಬಿಸಿಲಿನಲ್ಲಿ. ಶೆಡ್ಡಿನಿಂದ ಬಹಳ ದೂರಕ್ಕೆ ಒಂದು ಸಣ್ಣ ಕೊಳವೆಯನ್ನು ಎಳೆದುತಂದು, ಅದರ ತುದಿಗೆ ಉದ್ದನೆಯ ಕೋಲಿನಿಂದ ಬೆಂಕಿ ಮುಟ್ಟಿಸಿ, ಈಗ ಉರಿಯುತ್ತಿದೆ ನೋಡು ಎಂದ ಮೇಸ್ತ್ರಿ. ಅವಳಿಗೆ ಏನೂ ಕಾಣಲಿಲ್ಲ. ಕೊಳವೆ ಇತ್ತು, ಬಿಸಿಲಿತ್ತು, ನಡುವೆ ಬರಿ ಬಯಲು. ಮುದುಕನಿಗೆ ಕಣ್ಣಿನ ಜೊತೆ ತಲೆಯೂ ಮಂಜಾಗಿರಬೇಕು ಎಂದು ಅವಳು ಯೋಚಿಸುತ್ತಿರುವಾಗಲೇ ಅವನು ಪೊರಕೆಯನ್ನು ನಿಧಾನವಾಗಿ ಮುಂದಕ್ಕೆ ಚಾಚಿದ. ಏನೂ ಇಲ್ಲದ ಜಾಗದಲ್ಲಿ ಪೊರಕೆಯ ಕಡ್ಡಿಗಳು ಭಗ್ಗನೆ ಹೊತ್ತಿಕೊಂಡವು. ಅವಳು ಹಿಂದಕ್ಕೆ ಹಾರಿದಳು. ಜಲಜನಕದ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಎಲ್ಲಾದರೂ ಗಾಳಿ ಸೋರುತ್ತಿದೆ ಎಂಬ ಅನುಮಾನ ಬಂದರೆ ಪೊರಕೆಯನ್ನು ಮುಂದೆ ಹಿಡಿದು ನಡೆಯಬೇಕು, ಪೊರಕೆ ಸುಟ್ಟರೆ ಮುಖ ಉಳಿಯುತ್ತದೆ ಎಂದು ಅವನು ವಿವರಿಸಿದ. ಆಮೇಲೆ ತಣ್ಣೀರು ತುಂಬಿದ ಸ್ಟೀಲಿನ ಲೋಟವೊಂದನ್ನು ಆ ಕಾಣದ ಉರಿಯ ಮೇಲೆ ಹಿಡಿದ. ಲೋಟದ ಹೊರಮೈ ಮಬ್ಬಾಯಿತು, ಮಬ್ಬು ಹನಿಯಾಯಿತು, ಹನಿ ಜಾರಿ ನೆಲಕ್ಕೆ ಬಿತ್ತು. ಅವಳು ಒಂದು ಹನಿಯನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡಳು. ಬರಿ ನೀರು.

"ಇದು ಉರಿದ್ರೆ ನೀರಾಗುತ್ತೆ ಮಗಳೇ," ಎಂದ ಮೇಸ್ತ್ರಿ. "ಆದ್ರೆ ಉರಿಯೋ ಮುಂಚೆ ನಿನ್ನ ಕೇಳಲ್ಲ. ಇದನ್ನೂ ಆಮ್ಲಜನಕವನ್ನೂ ಒಂದೇ ಡಬ್ಬಿಯೊಳಗೆ ಯಾವತ್ತೂ ಬಿಡಬೇಡ. ಒಂದು ಕಿಡಿ ಸಾಕು, ಡಬ್ಬಿನೂ ಇರಲ್ಲ, ಬಿಟ್ಟೋಳೂ ಇರಲ್ಲ."

ಬೆಂಕಿಯ ಹೊಟ್ಟೆಯಿಂದ ನೀರು ಬರುವುದನ್ನು ಕಣ್ಣಾರೆ ಕಂಡ ಆ ದಿನ ಅವಳಿಗೆ ಊಟ ಸೇರಲಿಲ್ಲ. ಕುಡಿಯುವ ಲೋಟದ ನೀರನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದಳು. ಇದರೊಳಗೆ ಅದು ಅಡಗಿ ಕುಳಿತಿದೆ, ಎಷ್ಟು ಸುಮ್ಮನೆ ಕುಳಿತಿದೆ ಎಂದು ಮೈ ಜುಮ್ಮೆಂದಿತು. ಆ ಬೆರಗು ಅವಳನ್ನು ಮುಂದೆ ಎಂದೂ ಪೂರ್ತಿ ಬಿಟ್ಟುಹೋಗಲಿಲ್ಲ, ಅಷ್ಟೇ ಅಲ್ಲ, ಭಯವೂ ಅದರ ಪಕ್ಕದಲ್ಲೇ ಮನೆ ಮಾಡಿತು.

ಮೇಸ್ತ್ರಿ ಹೋದ ಮೇಲೆ ಶೆಡ್ಡು ಅವಳದೇ ಆಯಿತು. ಹತ್ತಿಯ ಬಟ್ಟೆ ಬಿಟ್ಟು ಬೇರೆ ಉಟ್ಟುಕೊಂಡು ಅವಳು ಒಳಗೆ ಕಾಲಿಡಲಿಲ್ಲ, ಬೇರೆಯವರನ್ನು ಇಡಲೂ ಬಿಡಲಿಲ್ಲ. ನೈಲಾನ್ ಸರಸರ ಎಂದರೆ ಕಿಡಿ, ಬಳೆ ಕೊಳವೆಗೆ ತಾಗಿದರೆ ಕಿಡಿ, ಮೊಬೈಲು ಬಂದ ಮೇಲೆ ಅದೂ ಒಂದು. ಬಾಗಿಲ ಪಕ್ಕದ ತಾಮ್ರದ ತಗಡಿಗೆ ಅಂಗೈ ಒತ್ತಿ, ಮೈಯೊಳಗೆ ಹತ್ತಿ ಕುಳಿತ ಕರೆಂಟನ್ನೆಲ್ಲ ನೆಲಕ್ಕೆ ಇಳಿಸಿಯೇ ಒಳಗೆ ಹೋಗಬೇಕು. ದೊಡ್ಡ ಅಧಿಕಾರಿಯೊಬ್ಬರು ಒಮ್ಮೆ ಮರೆತು ನೇರ ನುಗ್ಗಿದಾಗ ಅವರ ತೋಳು ಹಿಡಿದು ಹೊರಗೆ ನಿಲ್ಲಿಸಿದ್ದಳು. ಊರಿಗೆಲ್ಲ ಒಂದು ದಾರಿಯಾದರೆ ನಿನಗೇ ಒಂದು ದಾರಿ ಎಂದು ಅವರು ಗೊಣಗಿದರೂ ತಾಮ್ರ ಮುಟ್ಟಿಯೇ ಒಳಗೆ ಬಂದರು.

ಈ ಶಿಸ್ತು ಕಚೇರಿಯ ಗೇಟಿನಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಮನೆಗೂ ಬಂತು. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂದಂತಾಗಿ, ಅವಳು ಪೊರಕೆಯನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿಕೊಂಡು, ಕಣ್ಣು ಕಿರಿದು ಮಾಡಿ, ಒಂದೊಂದೇ ಹೆಜ್ಜೆಯಿಡುತ್ತ ಒಳಗೆ ಬಂದಳು. ಒಲೆಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದ ಗಂಡ ತಿರುಗಿ ನೋಡಿದವನೇ ಪಾತ್ರೆ ಬಿಟ್ಟು ಹಿತ್ತಲ ಬಾಗಿಲಿನಿಂದ ಓಡಿಹೋದ. ಹಾಲು ಉಕ್ಕಿ ಒಲೆ ಆರಿತು. ಮದುವೆಯಾಗಿ ತಿಂಗಳಾಗಿಲ್ಲ, ಆಗಲೇ ಹೆಂಡತಿ ಪೊರಕೆ ಹಿಡಿದಳು ಎಂದು ಪಕ್ಕದ ಮನೆಯಲ್ಲಿದ್ದ ನಾದಿನಿ ವರ್ಷಗಟ್ಟಲೆ ಹೇಳಿಕೊಂಡು ನಕ್ಕಳು. ಓಡಿದವನು ಮಾತ್ರ ತಾನು ಓಡಲಿಲ್ಲ, ಹಿತ್ತಲಲ್ಲಿ ಏನೋ ಕೆಲಸವಿತ್ತು ಎಂದೇ ಕೊನೆಯವರೆಗೂ ಸಾಧಿಸಿದ.

ಗಂಡನ ವಿಷಯ ಈಗ ಹೇಳಲೇಬೇಕು. ಅವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಕೂಗುವ ಕೆಲಸದವನು. ಕೂಗುವುದು ಎಂದರೆ ಅವನಿಗೆ ಸಿಟ್ಟು, ಘೋಷಣೆ ಎನ್ನಬೇಕು. ಬಾವಿಯ ತಳದಿಂದ ಬಂದಂಥ ದನಿ ಅವನದು. ಊರವರು ಗುಡುಗಣ್ಣ ಎನ್ನುತ್ತಿದ್ದರು. ಬಲೂನಕ್ಕ ಅವನನ್ನು ನೋಡುವ ಮೊದಲೇ ಆ ದನಿಯನ್ನು ಕೇಳಿದ್ದಳು. ದಿನವೂ ಬಸ್ಸು ತಪ್ಪಿಸಿಕೊಂಡು ನಿಂತು ಕೇಳುತ್ತಿದ್ದಳು ಎಂದು ನಾದಿನಿ ಹೇಳುವುದುಂಟು, ಅದು ಪೂರ್ತಿ ಸುಳ್ಳೇನೂ ಅಲ್ಲ. ಮನೆಯಲ್ಲೂ ಅವನು ಮಾತಾಡಿದರೆ ಘೋಷಣೆಯೇ. ಉಪ್ಪು ಕಡಿಮೆಯಾಗಿದೆ ಎಂದರೆ ಮೂರನೇ ಮನೆಯವರು ತಮ್ಮ ಊಟದ ಉಪ್ಪು ನೋಡಿಕೊಳ್ಳುತ್ತಿದ್ದರು. ಅಂಥ ದನಿಯಲ್ಲಿ ಕೆಲವು ಮಾತುಗಳು ಹೊರಡುವುದಿಲ್ಲ. ತಪ್ಪಾಯಿತು ಎಂಬುದು ಹೊರಡುವುದಿಲ್ಲ. ನೋಯುತ್ತಿದೆ ಎಂಬುದು ಹೊರಡುವುದಿಲ್ಲ. ಇಷ್ಟು ವರ್ಷದಲ್ಲಿ ಅವಳು ಅವನ ಬಾಯಿಂದ ಅವುಗಳನ್ನು ಕೇಳಿರಲಿಲ್ಲ. ಅವನಿಗೂ ಅವು ಬರುತ್ತಿರಲಿಲ್ಲ, ಪಾಪ.

ಹೀಲಿಯಮ್ ಅವಳ ಬದುಕಿಗೆ ಬಂದದ್ದು ಇದರ ನಡುವೆ. ಅಷ್ಟರಲ್ಲಿ ಮೇಸ್ತ್ರಿಯ ಕಬ್ಬಿಣದ ಪಾತ್ರೆ ಮೂಲೆ ಸೇರಿ, ಕರೆಂಟಿನಿಂದ ನೀರನ್ನು ಒಡೆದು ಜಲಜನಕ ತೆಗೆಯುವ ಯಂತ್ರ ಬಂದಿತ್ತು. ಅದು ಕೆಟ್ಟು ನಿಂತು, ಬಿಡಿಭಾಗ ಬರುವವರೆಗೆ ಕೆಲಸ ನಡೆಯಲೆಂದು ಹೀಲಿಯಮ್ ಸಿಲಿಂಡರುಗಳನ್ನು ತರಿಸಿದರು. ಆಗ ಅಲ್ಲಿದ್ದ ಅಧಿಕಾರಿ ಮಾತುಗಾರ ಮನುಷ್ಯ, ಚಹಾ ಕುಡಿಯುತ್ತ ಎರಡರ ಜಾತಕವನ್ನೂ ಅವಳ ಮುಂದೆ ಬಿಚ್ಚಿದರು. ಜಗತ್ತಿನಲ್ಲಿ ಎಲ್ಲಕ್ಕಿಂತ ಹಗುರ ಜಲಜನಕ, ಅದರ ನಂತರ ಹೀಲಿಯಮ್. ತೂಗಿದರೆ ಹೀಲಿಯಮ್ ಎರಡು ಪಟ್ಟು ಭಾರ, ಆದರೂ ಬಲೂನನ್ನು ಎತ್ತುವುದರಲ್ಲಿ ಕೂದಲೆಳೆಯಷ್ಟು ಹಿಂದೆ, ಅಷ್ಟೇ. ಯಾಕೆಂದರೆ ಬಲೂನನ್ನು ಎತ್ತುವುದು ಒಳಗಿನ ಗಾಳಿಯಲ್ಲ, ಹೊರಗಿನ ಗಾಳಿ. ಅದರ ಎದುರು ಇವೆರಡೂ ಹುಲ್ಲುಕಡ್ಡಿಗೆ ಸಮ. ಜಲಜನಕ ಸಿಕ್ಕಿದ್ದರ ಜೊತೆಗೆಲ್ಲ ಕೂಡಿಕೊಳ್ಳುತ್ತದೆ. ನೀರಿನಲ್ಲಿದೆ, ಎಣ್ಣೆಯಲ್ಲಿದೆ, ನಮ್ಮ ಮೈಯಲ್ಲಿದೆ, ಹೊಲದ ಗೊಬ್ಬರ ಅದಿಲ್ಲದೆ ಆಗದು, ರಾಕೆಟ್ಟನ್ನು ಉರಿಸಿ ಮೇಲಕ್ಕೆ ನೂಕುವುದೂ ಅದೇ. ಹೀಲಿಯಮ್ ಯಾರ ಜೊತೆಯೂ ಸೇರದು. ಉರಿಯದು, ಕೊಳೆಯದು, ವಾಸನೆಯಿಲ್ಲ, ಬಣ್ಣವಿಲ್ಲ. ಮನುಷ್ಯರು ಅದರ ಗುರುತನ್ನು ಮೊದಲು ಕಂಡದ್ದು ಸೂರ್ಯನ ಬೆಳಕಿನಲ್ಲಿ, ನೆಲದ ಮೇಲೆ ಸಿಕ್ಕಿದ್ದು ಆಮೇಲೆ. ಸೂರ್ಯನ ಒಲೆಯಲ್ಲಿ ಜಲಜನಕ ಬೆಂದು ಬೆಂದು ಹೀಲಿಯಮ್ ಆಗುತ್ತದೆ, ನಮಗೆ ಬೀಳುವ ಬಿಸಿಲೆಲ್ಲ ಆ ಅಡುಗೆಯ ಶಾಖ. ನಮ್ಮ ನೆಲದಡಿಯ ಹೀಲಿಯಮ್ ಅಲ್ಲಿಂದ ಬಂದದ್ದಲ್ಲ, ಕಲ್ಲಿನೊಳಗಿನ ಭಾರದ ಧಾತುಗಳು ಯುಗಯುಗ ಸವೆದು ಹುಟ್ಟಿದ್ದು. ಜಲಜನಕವನ್ನು ನೀರು ಒಡೆದರೆ ಮತ್ತೆ ಪಡೆಯಬಹುದು. ಹೀಲಿಯಮ್ ಒಮ್ಮೆ ಕೈ ತಪ್ಪಿದರೆ ಮೇಲೇರಿ ಏರಿ ಭೂಮಿಯನ್ನೇ ಬಿಟ್ಟು ಹೊರಟುಹೋಗುತ್ತದೆ.

ಸೂರ್ಯನ ಮಾತು ಕೇಳಿ ಬಲೂನಕ್ಕ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು ಬಾಗಿಲ ಹೊರಗಿನ ಬಿಸಿಲನ್ನು ಒಂದು ಗಳಿಗೆ ನೋಡಿದಳು. ಆದರೆ ಹೀಲಿಯಮ್ ಮೇಲೆ ಅವಳಿಗೆ ಮನಸ್ಸು ಹುಟ್ಟಲಿಲ್ಲ. ಉರಿಯೋದೂ ಇಲ್ಲ, ಕೂಡೋದೂ ಇಲ್ಲ, ಇದ್ದೂ ಇಲ್ಲದ ಹಾಗೆ ಇರೋದಕ್ಕೆ ಗುಣ ಅಂತ ಏನು ಹೇಳೋದು ಎಂದು ಅಧಿಕಾರಿಗೇ ಕೇಳಿದಳು. ಅದಕ್ಕೆ ಸೋಮಾರಿ ಗಾಳಿ ಎಂದು ಹೆಸರಿಟ್ಟಳು. ಸೋಮಾರಿಗೂ ತಾಮ್ರದ ತಗಡು, ಹತ್ತಿಯ ಬಟ್ಟೆ, ಪೊರಕೆ ಎಲ್ಲ ನಡೆಸಿದಳು, ಅದಕ್ಕೆ ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೈಗೆ ಒಂದೇ ಅಭ್ಯಾಸ ಇರಬೇಕು, ಎರಡಾದರೆ ಒಂದು ದಿನ ಅದಲುಬದಲಾಗುತ್ತದೆ ಎಂಬುದು ಅವಳ ವಾದ. ಯಂತ್ರ ರಿಪೇರಿಯಾಗಿ ಜಲಜನಕ ಮರಳಿ ಬಂದಾಗ ಅವಳ ಮುಖ ನೋಡಬೇಕಿತ್ತು, ತವರಿನವರು ಬಂದಂತಿತ್ತು.

ಗುಡುಗಣ್ಣನ ಕತ್ತಿನಲ್ಲಿ ಗಡ್ಡೆ ಕಾಣಿಸಿಕೊಂಡಿದ್ದು ಅದಾಗಿ ಕೆಲವು ವರ್ಷಗಳಿಗೆ. ಮೊದಲು ನಿಂಬೆಕಾಯಿಯಷ್ಟು, ಆಮೇಲೆ ಅದಕ್ಕೂ ದಪ್ಪ. ಕ್ಯಾನ್ಸರ್ ಗಡ್ಡೆಯಲ್ಲ, ಆದರೆ ಒಳಮುಖವಾಗಿ ಬೆಳೆಯುತ್ತಿದೆ, ಉಸಿರಿನ ಕೊಳವೆಯನ್ನು ಒತ್ತುವ ಮೊದಲೇ ತೆಗೆಸಿಬಿಡಿ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅಷ್ಟೇ ಹೇಳಿ ಬಿಟ್ಟಿದ್ದರೆ ಅವನು ಒಪ್ಪುತ್ತಿದ್ದನೋ ಏನೋ. ದನಿಯ ನರ ಗಡ್ಡೆಯ ಬೆನ್ನಿಗೇ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ದನಿ ಹೋಗುವುದೂ ಉಂಟು ಎಂದು ಪ್ರಾಮಾಣಿಕವಾಗಿ ಅದನ್ನೂ ಹೇಳಿದರು. ಅಲ್ಲಿಂದ ಅವನದು ಒಂದೇ ರಾಗ, ನಾಳೆ ನೋಡೋಣ. ಕತ್ತಿಗೆ ಮಫ್ಲರ್ ಸುತ್ತಿಕೊಂಡ, ಬೇಸಿಗೆಯಲ್ಲೂ ಬಿಚ್ಚಲಿಲ್ಲ. ಬಲೂನಕ್ಕ ಬೈದಳು, ಅತ್ತಳು, ಮಾತು ಬಿಟ್ಟಳು. ನಾಳೆ ಎಂದವನ ಮನೆ ಹಾಳು ಎಂದು ನಾದಿನಿ ಅಣ್ಣನ ಮುಖದ ಮೇಲೇ ಹೇಳಿದಳು. ಅವನು ಮೈಕಿನ ಮುಂದೆ ಹೋಗಿ ಕುಳಿತ. ಮಲಗಿದರೆ ಉಸಿರಿನ ಜೊತೆ ಸಣ್ಣ ಸೀಟಿ ಕೇಳಿಸುತ್ತಿತ್ತು. ಅವಳಿಗೆ ಸೋರುವ ಸದ್ದು ಕೇಳಿ ಅಭ್ಯಾಸ, ಕೇಳಿಸಲಿಲ್ಲ ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳಲೂ ಆಗುತ್ತಿರಲಿಲ್ಲ.

ಒಂದು ನೆಗಡಿ ಸಾಕಾಯಿತು. ಅಂದು ಬೆಳಗಿನ ಬಲೂನು ಬಿಟ್ಟು, ಅದು ಚುಕ್ಕಿಯಾಗುವವರೆಗೆ ಕತ್ತೆತ್ತಿ ನೋಡಿ, ಶೆಡ್ಡಿನ ಬಾಗಿಲು ಹಾಕುತ್ತಿರುವಾಗ ಗೇಟಿನ ಕಾವಲುಗಾರ ಓಡಿಬಂದ. ನಾದಿನಿ ಆಸ್ಪತ್ರೆಯಿಂದ ಫೋನು ಮಾಡಿದ್ದಳು. ಮೈಕಿನ ಮುಂದೆಯೇ ಉಸಿರು ಸಿಕ್ಕಿಕೊಂಡು ಅವನು ಕುಸಿದಿದ್ದನಂತೆ, ನಿಲ್ದಾಣದವರು ಎತ್ತಿಕೊಂಡು ಬಂದಿದ್ದರಂತೆ.

ಅವಳು ಹೋದಾಗ ಅವನು ಮಂಚದ ಅಂಚಿನಲ್ಲಿ ಎರಡೂ ಕೈ ಊರಿ ಮುಂದಕ್ಕೆ ಬಾಗಿ ಕುಳಿತಿದ್ದ. ಮಫ್ಲರ್ ಇರಲಿಲ್ಲ. ಒಂದೊಂದು ಉಸಿರಿಗೂ ಹಸಿ ಮರ ಕೊಯ್ಯುವ ಗರಗಸದ ಸದ್ದು. ಕತ್ತಿನ ನರಗಳು ಉಬ್ಬಿ, ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ತುಟಿ ನೀಲಿ. ಮುಖಕ್ಕೆ ಆಮ್ಲಜನಕದ ಮಾಸ್ಕ್ ಇಟ್ಟರೆ ಕಿತ್ತೆಸೆಯುತ್ತಿದ್ದ. ಅವಳನ್ನು ನೋಡಿದ, ಗುರುತು ಸಿಕ್ಕಿತು, ಆದರೆ ಒಂದಕ್ಷರ ಹೊರಡಲಿಲ್ಲ. ಅಷ್ಟು ದೊಡ್ಡ ದನಿಯ ಮನುಷ್ಯನನ್ನು ಹೀಗೆ ಮಾತಿಲ್ಲದೆ ಅವಳು ಎಂದೂ ಕಂಡಿರಲಿಲ್ಲ.

ಅಲ್ಲಿದ್ದ ಡಾಕ್ಟರು ಎಳೆಯ ವಯಸ್ಸಿನ ಹೆಂಗಸು. ಮಾತು ಬೇಗ, ಕೈ ಅದಕ್ಕಿಂತ ಬೇಗ. ನೆಗಡಿಯಿಂದ ಒಳಗೆ ಊದಿಕೊಂಡು ಉಸಿರಿನ ದಾರಿ ಸ್ಟ್ರಾ ಕೊಳವೆಯಷ್ಟಾಗಿದೆ, ಆಪರೇಷನ್ನಿಗೆ ಸಿದ್ಧವಾಗುತ್ತಿದೆ, ಸರ್ಜನ್ ದಾರಿಯಲ್ಲಿದ್ದಾರೆ, ಅವರು ಬರುವವರೆಗೆ ಇವರು ಸುಸ್ತಾಗದೆ ಉಸಿರಾಡಬೇಕು, ಕಷ್ಟ ಇರುವುದೇ ಅಲ್ಲಿ ಎಂದರು. ಆಮೇಲೆ ನರ್ಸ್ ಕಡೆಗೆ ತಿರುಗಿ, ಹಗುರದ ಗಾಳಿ ಜೋಡಿಸಿ, ಆಮ್ಲಜನಕದ ಜೊತೆ ಬೆರೆಸಿ ಕೊಡೋಣ ಎಂದರು. ನರ್ಸ್ ಮೂಲೆಯಿಂದ ಸಿಲಿಂಡರೊಂದನ್ನು ಉರುಳಿಸಿಕೊಂಡು ತಂದಳು.

ಹಗುರದ ಗಾಳಿ, ಆಮ್ಲಜನಕದ ಜೊತೆ ಬೆರೆಸಿ. ಬಲೂನಕ್ಕನ ಕಿವಿಗೆ ಬಿದ್ದದ್ದು ಇಷ್ಟೇ. ಬದುಕಿಡೀ ಹಗುರದ ಗಾಳಿ ಎಂದರೆ ಅವಳಿಗೆ ಒಂದೇ. ಅದನ್ನು ಆಮ್ಲಜನಕದೊಂದಿಗೆ ಒಂದೇ ಡಬ್ಬಿಯೊಳಗೆ ಬಿಡಬೇಡ ಎಂದಿದ್ದ ಮೇಸ್ತ್ರಿ. ಇಲ್ಲಿ ಡಬ್ಬಿಯೆಂದರೆ ಗಂಡನ ಎದೆ. ಸುತ್ತಲೂ ಮಿಣುಕುವ ಯಂತ್ರಗಳು, ಗೋಡೆಯ ತುಂಬ ಪ್ಲಗ್ಗು, ಎಲ್ಲರ ಜೇಬಿನಲ್ಲೂ ಮೊಬೈಲು, ನರ್ಸಿನ ಕೈಗವಸು ಸರಸರ ಎನ್ನುತ್ತಿತ್ತು. ಅವಳು ಯೋಚಿಸಲಿಲ್ಲ. ಯೋಚಿಸಿ ಮಾಡುವ ಕೆಲಸ ಅಲ್ಲ ಅದು, ಕೈ ತಾನೇ ಮಾಡುವಂಥದ್ದು. ಸಿಲಿಂಡರಿನ ಮೇಲೆ ಬಿದ್ದು ಕೀಲಿ ತಿರುಗಿಸಿ ಮುಚ್ಚಿ, ಮೈಯನ್ನೇ ಅಡ್ಡ ಹಾಕಿ ಅಪ್ಪಿಕೊಂಡು ನಿಂತಳು.

ನರ್ಸ್ ಎಳೆದಳು, ನಾದಿನಿ ಎಳೆದಳು. ಅತ್ತಿಗೆಗೆ ತಲೆ ಕೆಟ್ಟಿದೆ ಎಂದು ನಾದಿನಿ ಅಳತೊಡಗಿದಳು. ಬಲೂನಕ್ಕ ಕದಲಲಿಲ್ಲ. ಹಿಂದೆ ಗರಗಸದ ಸದ್ದು ನಿಧಾನವಾಗುತ್ತಿತ್ತು, ಅದು ಒಳ್ಳೆಯ ಲಕ್ಷಣವಲ್ಲ. ಮುಚ್ಚಿಟ್ಟರೂ ಅವನು ಸಾಯುತ್ತಾನೆ, ತೆರೆದರೂ ಸಾಯುತ್ತಾನೆ ಎಂದು ಅವಳಿಗೆ ಆ ಗಳಿಗೆಯಲ್ಲಿ ಖಚಿತವಾಗಿ ಅನ್ನಿಸಿತು. ಆದರೂ ತೆರೆಯಲು ಅವಳಿಂದಾಗದು.

ಡಾಕ್ಟರಿಗೆ ಮೊದಲು ಸಿಟ್ಟು ಬಂತು. ಆಮೇಲೆ ಅವರ ಕಣ್ಣು ಅವಳ ಎದೆಯ ಮೇಲಿದ್ದ ಹವಾಮಾನ ಕಚೇರಿಯ ಗುರುತಿನ ಚೀಟಿಯ ಮೇಲೆ ಬಿತ್ತು. ಬಲೂನು ಬಿಡೋರಾ ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಡಾಕ್ಟರು ಹತ್ತಿರ ಬಂದು, ಅವಳ ಕೈಯ ಮೇಲೆ ಕೈಯಿಟ್ಟರು.

"ಇದು ಜಲಜನಕ ಅಲ್ಲಮ್ಮ. ಹೀಲಿಯಮ್. ಜಲಜನಕ ಇದಕ್ಕಿಂತ ಹಗುರ, ನಿಜ, ಆದ್ರೆ ಅದನ್ನ ಆಮ್ಲಜನಕದ ಜೊತೆ ನಿಮ್ಮ ಯಜಮಾನರ ಎದೆಯೊಳಗೆ ಬಿಡೋಕಾಗುತ್ತಾ? ಇದು ಏನೂ ಮಾಡಲ್ಲ. ನಮಗೆ ಬೇಕಾಗಿರೋದೇ ಅದು."

ಏನೂ ಮಾಡುವುದಿಲ್ಲ. ಅವಳು ಬಗ್ಗಿ ಸಿಲಿಂಡರಿನ ಕತ್ತಿನ ಮೇಲಿನ ಚೀಟಿ ಓದಿದಳು. ಅದೇ ಸೋಮಾರಿ. ಅವಳ ಹಿಡಿತ ಸಡಿಲವಾಯಿತು. ನರ್ಸ್ ಕೊಳವೆ ಜೋಡಿಸಿದಳು. ಮಾಸ್ಕನ್ನು ಡಾಕ್ಟರು ಬಲೂನಕ್ಕನ ಕೈಗೇ ಕೊಟ್ಟರು, ನೀವೇ ಹಿಡೀರಿ, ನಿಮ್ಮ ಕೈ ಆದ್ರೆ ಅವರು ತಳ್ಳಲ್ಲ ಎಂದರು. ಅವಳು ಮೊದಲು ಮಂಚದ ಕಬ್ಬಿಣಕ್ಕೆ ಅಂಗೈ ಒತ್ತಿದಳು. ಯಾರೂ ನಗಲಿಲ್ಲ. ಆಮೇಲೆ ಮಾಸ್ಕನ್ನು ಗಂಡನ ಮೂಗುಬಾಯಿಗೆ ಮುಚ್ಚಿ ಹಿಡಿದು, ಉರಿಯ ಪಕ್ಕದಲ್ಲಿ ನಿಂತವಳ ಹಾಗೆ ಕಣ್ಣು ಮುಚ್ಚಿಕೊಂಡಳು.

ಕಿವಿ ಮುಚ್ಚಿರಲಿಲ್ಲವಲ್ಲ. ಮೊದಲು ಗರಗಸ ಹಾಗೆಯೇ ಇತ್ತು. ಆಮೇಲೆ ಅದರ ಹಲ್ಲು ಮೊಂಡಾಯಿತು. ಮತ್ತೆ ನಾಲ್ಕಾರು ಉಸಿರಿಗೆ ಬರಿ ಸುಯ್ಲು ಉಳಿಯಿತು. ಅವಳು ಕಣ್ಣು ಬಿಟ್ಟಾಗ ಅವನ ಪಕ್ಕೆಗಳು ಒಳಕ್ಕೆ ಎಳೆದುಕೊಳ್ಳುತ್ತಿರಲಿಲ್ಲ. ಊರಿದ್ದ ಕೈಗಳು ಸಡಿಲವಾಗಿ ತೊಡೆಯ ಮೇಲೆ ಬಂದಿದ್ದವು. ತುಟಿಯ ನೀಲಿ ಅಂಚಿನಿಂದ ಕರಗುತ್ತಿತ್ತು. ಗಡ್ಡೆ ಇದ್ದಲ್ಲೇ ಇತ್ತು, ದಾರಿ ಒಂದೆಳೆಯೂ ಅಗಲವಾಗಿರಲಿಲ್ಲ. ನಾವು ದಿನವೂ ಉಸಿರಾಡುವ ಗಾಳಿ ಭಾರದ್ದು, ಇಕ್ಕಟ್ಟಿನಲ್ಲಿ ಬಸ್ಸಿನ ಬಾಗಿಲ ಜನರಂತೆ ನೂಕಾಡಿ ಸುಳಿಸುಳಿಯಾಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಇದು ಹಗುರ, ಜಗಳವಿಲ್ಲದೆ ಜಾರಿಕೊಂಡು ಹೋಗುತ್ತದೆ, ತನ್ನ ಜೊತೆ ಆಮ್ಲಜನಕವನ್ನೂ ಒಳಗೆ ದಾಟಿಸುತ್ತದೆ ಎಂದು ಡಾಕ್ಟರು ಮೆಲ್ಲಗೆ ಹೇಳುತ್ತಿದ್ದರು. ವಾಸಿ ಮಾಡುವುದಿಲ್ಲ, ಸರ್ಜನ್ ಬರುವವರೆಗೆ ಕಾಯುತ್ತದೆ, ಅಷ್ಟೇ.

ಬಲೂನಕ್ಕನಿಗೆ ಆ ಮಾತು ಅರ್ಧ ಕೇಳಿಸಿತು, ಅರ್ಧ ಇಲ್ಲ. ಅವಳು ಮಾಸ್ಕಿನೊಳಗೆ ನೋಡುತ್ತಿದ್ದಳು. ಕಾಣುವುದಕ್ಕೆ ಏನೂ ಇರಲಿಲ್ಲ, ಅದೇ ಅವಳಿಗೆ ಆಶ್ಚರ್ಯ. ಅದು ಒಳಗೆ ಹೋಗುತ್ತಿತ್ತು, ಅವನ ರಕ್ತವನ್ನು ಮುಟ್ಟದೆ, ಅವನಿಂದ ಏನನ್ನೂ ತೆಗೆದುಕೊಳ್ಳದೆ, ಹೋದಂತೆಯೇ ಹೊರಗೆ ಬರುತ್ತಿತ್ತು. ಎಷ್ಟೋ ಯುಗ ಕಲ್ಲಿನೊಳಗೆ ಕುಳಿತಿದ್ದದ್ದು ಈಗ ಅವಳ ಬೆರಳ ಸಂದಿಯಿಂದ ಸೋರಿ, ಈ ಕೋಣೆಯ ಕಿಟಕಿ ದಾಟಿ, ಅವಳ ಬಲೂನುಗಳೆಲ್ಲ ಒಡೆದು ಬೀಳುವ ಎತ್ತರವನ್ನೂ ದಾಟಿ ಹೊರಟುಹೋಗುತ್ತದೆ, ಮತ್ತೆ ಬರುವುದಿಲ್ಲ. ಹೋಗುವ ದಾರಿಯಲ್ಲಿ ಒಂದಿಷ್ಟು ಹೊತ್ತು ತನ್ನ ಗಂಡನನ್ನು ಬದುಕಿಸಿ ಹೋಗುತ್ತಿದೆ. ಮೇಸ್ತ್ರಿಯ ಲೋಟದ ಮೇಲಿನ ಹನಿಯನ್ನು ಕಂಡಾಗಲೂ ಅವಳಿಗೆ ಇಷ್ಟು ಮೈ ಜುಮ್ಮೆಂದಿರಲಿಲ್ಲ. ಇದಕ್ಕೆ ಏನೇನೋ ಅಂದಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಆಗ ಅವನು ಮಾತಾಡಿದ. ಹೀಲಿಯಮ್ ಗಂಟಲಲ್ಲಿದ್ದಾಗ ದನಿ ಎಳೆಯದಾಗುತ್ತದೆಂದು ಅಲ್ಲಿದ್ದವರಿಗೆ ಗೊತ್ತಿರಬೇಕು, ಅವನಿಗೆ ಗೊತ್ತಿರಲಿಲ್ಲ. ಮಾಸ್ಕಿನೊಳಗಿಂದ ಬಂದದ್ದು ಗುಡುಗಲ್ಲ, ನಾಲ್ಕೈದು ವರ್ಷದ ಮಗುವಿನಂಥ ಸಣ್ಣ ಕೀರಲು ದನಿ.

"ನಂಗೆ ಭಯ ಆಗ್ತಿದೆ ಕಣೇ."

ನರ್ಸ್ ನಗು ತಡೆಯಲು ಗೋಡೆಯ ಕಡೆ ತಿರುಗಿದಳು. ನಾದಿನಿ ಬಾಯಿಗೆ ಬಟ್ಟೆ ತುರುಕಿಕೊಂಡಳು, ನಗುವೋ ಅಳುವೋ ದೇವರಿಗೇ ಗೊತ್ತು. ಬಲೂನಕ್ಕ ನಗಲಿಲ್ಲ. ಎಷ್ಟೋ ವರ್ಷ ಜೊತೆಗೆ ಬಾಳಿದವನ ಒಳಗೆ ಇಂಥದೊಂದು ದನಿ ಇತ್ತು, ಇಂಥದೊಂದು ಮಾತೂ ಇತ್ತು, ತಾನು ಇವತ್ತು ಮೊದಲ ಸಲ ಕೇಳುತ್ತಿದ್ದೇನೆ ಎಂದುಕೊಂಡಳು. ಏನೂ ಆಗಲ್ಲ, ಸುಮ್ಮನೆ ಉಸಿರಾಡಿ ಎಂದಳು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಸರ್ಜನ್ ಬಂದು, ಮಂಚವನ್ನು ತಳ್ಳಿಕೊಂಡು ಒಳಗೆ ಹೋಗುವ ಬಾಗಿಲವರೆಗೂ ಅವಳು ಮಾಸ್ಕನ್ನು ಬಿಡಲಿಲ್ಲ. ಬಾಗಿಲಲ್ಲಿ ಅವಳ ಬೆರಳುಗಳನ್ನು ಡಾಕ್ಟರು ಒಂದೊಂದಾಗಿ ಬಿಡಿಸಬೇಕಾಯಿತು.

ಗಡ್ಡೆ ತೆಗೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಉಸಿರಿಗೆ ಭಯವಿಲ್ಲ ಎಂದು ಸರ್ಜನ್ ಹೊರಬಂದು ಹೇಳಿದಾಗ ನಾದಿನಿ ಅವರ ಕಾಲಿಗೇ ಬೀಳಲು ಹೋದಳು. ದನಿಯ ಮಾತು ಈಗಲೇ ಹೇಳಲಾಗದು, ನರವನ್ನು ಮುಟ್ಟದೆ ಬಿಡಿಸಿದ್ದೇನೆ, ಆದರೂ ಅದು ತುಂಬ ಎಳೆದುಹೋಗಿತ್ತು, ಮಾತಾಡಿಸಿ ನೋಡಬೇಕು ಎಂದರು. ಒಂದೆರಡು ದಿನ ಗಂಟಲಲ್ಲಿ ಕೊಳವೆಯಿತ್ತು. ಬಲೂನಕ್ಕ ರಜೆ ಹಾಕಿ ಮಂಚದ ಪಕ್ಕದಲ್ಲೇ ಕುಳಿತಳು. ಅವನು ಅವಳ ಮುಖ ನೋಡುತ್ತಿರಲಿಲ್ಲ. ನೋಡಿದರೆ ಕಣ್ಣು ತಪ್ಪಿಸುತ್ತಿದ್ದ. ಆ ಕೀರಲು ದನಿಯಲ್ಲಿ ತಾನು ಏನಂದೆ ಎಂಬುದು ಅವನಿಗೆ ನೆನಪಿತ್ತು, ಅವನ ಕಣ್ಣು ನೋಡಿಯೇ ಅವಳಿಗೆ ತಿಳಿಯಿತು. ಹಿತ್ತಲಿಗೆ ಓಡಿದವನ ಕಥೆಯಂತೆ ಇದನ್ನೂ ಅವನು ಬೇರೆ ಮಾಡಿ ಹೇಳುತ್ತಾನೆ, ಗಾಳಿಯ ಪ್ರಭಾವ ಎನ್ನುತ್ತಾನೆ, ಎನ್ನಲಿ ಬಿಡು ಎಂದುಕೊಂಡಳು. ದನಿ ಹೋದರೂ ಹೋಗಲಿ, ಮನುಷ್ಯ ಉಳಿದನಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಕೊಳವೆ ತೆಗೆದ ದಿನ ಎಳೆಯ ಡಾಕ್ಟರೂ ಸರ್ಜನ್ನೂ ಬಂದು ನಿಂತರು. ನಾದಿನಿ ಬಾಗಿಲಲ್ಲಿ. ಏನಾದರೂ ಮಾತಾಡಿ, ಯಾವ ಮಾತಾದರೂ ಸರಿ ಎಂದರು. ಅವನು ಬಾಯಿ ತೆರೆದ, ಬರಿ ಗಾಳಿ ಬಂತು. ಕೆಮ್ಮಿದ. ಮತ್ತೆ ಪ್ರಯತ್ನಿಸಿದ, ಮತ್ತೆ ಗಾಳಿ. ಬಲೂನಕ್ಕ ಎದ್ದು ನಿಂತಳು. ಮೂರನೆಯ ಸಲಕ್ಕೆ ಒಳಗೆ ಎಲ್ಲೋ ಏನೋ ಹಿಡಿದುಕೊಂಡಿತು. ಒರಟು, ಒಡೆದದ್ದು, ಆದರೆ ಅದೇ ಬಾವಿಯ ತಳದ್ದು. ಅವನು ಡಾಕ್ಟರುಗಳ ಕಡೆ ನೋಡಲಿಲ್ಲ, ಹೆಂಡತಿಯ ಮುಖ ನೋಡಿದ.

"ಅವತ್ತು ಹೇಳಿದ್ದು ನಿಜ ಕಣೇ," ಎಂದ. "ತುಂಬ ಭಯ ಆಗಿತ್ತು."

ಡಾಕ್ಟರುಗಳು ನರ ಉಳಿದಿದೆ ಎಂದು ಸಂತೋಷದಿಂದ ಮಾತಾಡಿಕೊಳ್ಳುತ್ತಿದ್ದರು. ಬಲೂನಕ್ಕನಿಗೆ ಅದು ಕೇಳಿಸಲಿಲ್ಲ. ಅವಳು ಮಂಚದ ಅಂಚಿನಲ್ಲಿ ಕುಳಿತು ಅವನ ಕೈ ಹಿಡಿದುಕೊಂಡಳು.

"ನಂಗೂ ಆಗಿತ್ತು ರೀ," ಎಂದಳು.